ಗೆಳೆಯನಿಗೊಂದು ಪತ್ರ: ಒನ್ ಟನ್ ಡಿಪೋದಲ್ಲಿ ಕಾದವನು

ಸೀನ,

ದಕ್ಷಿಣ ಧ್ರುವ ಮುಟ್ಟಿ ವಾಪಸು ಬರುವಾಗ ತನ್ನವರೊಂದಿಗೆ ಸತ್ತ ಇಂಗ್ಲಿಷ್ ನಾಯಕ ಸ್ಕಾಟ್, ಅವನು ಸತ್ತಿದ್ದು ದಡ್ಡತನದಿಂದ, ಹೌದೋ ಅಲ್ಲವೋ, ಎರಡೇ ಮಾತಿನಲ್ಲಿ ಹೇಳು ಅಂತ ಕೇಳಿದ್ದೀಯ. ಎರಡೇ ಮಾತಿನಲ್ಲಿ ಮುಗಿಸಲು ಹೋದರೆ ಏನಾಗುತ್ತದೆ ಅಂತ ಶೇಷಣ್ಣನ ಹೋಟೆಲಿನಲ್ಲಿ ಇಬ್ಬರೂ ನೋಡಿದ್ದೇವೆ. ಅದಕ್ಕೇ ಉದ್ದಕ್ಕೆ ಬರೆಯುತ್ತೇನೆ, ಅದೂ ನಾಲ್ಕು ಜನರ ಎದುರಿಗೇ. ಓದುತ್ತಿರುವ ಉಳಿದವರು ಶೇಷಣ್ಣನ ಬಗ್ಗೆ ಕೇಳಬೇಡಿ, ಹೇಳುವುದಿಲ್ಲ.

ಮೊದಲು ನಿನ್ನ ಪಾರ್ಟಿಯ ವಾದ, ಅಂದರೆ ಸ್ಕಾಟ್ ದಡ್ಡ ಅನ್ನುವವರದು. ಅವನ ಎದುರಾಳಿ, ನಾರ್ವೆಯ ಅಮುಂಡ್ಸನ್ ದಕ್ಷಿಣ ಧ್ರುವ ಮುಟ್ಟಿದ್ದು 1911ರ ಡಿಸೆಂಬರ್ 14ಕ್ಕೆ, ಸ್ಕಾಟ್ 1912ರ ಜನವರಿ 17ಕ್ಕೆ. ಅಮುಂಡ್ಸನ್ 52 ನಾಯಿ ಕಟ್ಟಿಕೊಂಡು ಹೊರಟು 11 ನಾಯಿಯೊಂದಿಗೆ ವಾಪಸಾದ; ಮಿಕ್ಕವುಗಳಲ್ಲಿ ಹೆಚ್ಚಿನವನ್ನು ಲೆಕ್ಕ ಹಾಕಿಯೇ ಕೊಂದು, ಬದುಕಿದ್ದ ನಾಯಿಗಳಿಗೂ ತನ್ನ ಜನಕ್ಕೂ ತಿನ್ನಿಸಿದ. 80 ಡಿಗ್ರಿ ಅಕ್ಷಾಂಶದ ಡಿಪೋಗೆ (ದಾರಿಯಲ್ಲಿ ಮೊದಲೇ ಊಟ, ಎಣ್ಣೆ ಇಟ್ಟುಬಂದ ಜಾಗಕ್ಕೆ) ಅವನು ನೆಟ್ಟದ್ದು ಒಂದೇ ಬಾವುಟವಲ್ಲ. ದಾರಿಗೆ ಅಡ್ಡಲಾಗಿ ಪೂರ್ವಕ್ಕೆ 10, ಪಶ್ಚಿಮಕ್ಕೆ 10, ಸುಮಾರು ಒಂದೊಂದು ಕಿಲೋಮೀಟರಿಗೆ ಒಂದರಂತೆ. ಡಿಪೋ ಯಾವ ಕಡೆಗಿದೆ, ಎಷ್ಟು ದೂರ ಅನ್ನುವ ಗುರುತು ಪ್ರತಿ ಬಾವುಟಕ್ಕೂ ಇತ್ತು. ಮಂಜು ಕವಿದು ಏಳೆಂಟು ಕಿಲೋಮೀಟರ್ ದಾರಿ ತಪ್ಪಿದರೂ ಯಾವುದೋ ಒಂದು ಬಾವುಟ ಕಣ್ಣಿಗೆ ಬೀಳುತ್ತದೆ. ಸ್ಕಾಟನ ಡಿಪೋಗಳೆಂದರೆ ಹಿಮದ ಗುಡ್ಡೆ, ಅದರ ಮೇಲೊಂದು ಬಾವುಟ. ಇಲ್ಲಿಯವರೆಗೆ ನೀನೇ ಗೆದ್ದೆ.

ಆದರೆ ಸ್ಕಾಟನನ್ನು ಕೊಂದದ್ದು ಬಾವುಟವಲ್ಲ ಮಾರಾಯ. ಅವನು ನಡೆದು ಬಂದಷ್ಟು ದಾರಿಯ ಡಿಪೋಗಳೆಲ್ಲ ಅವನಿಗೆ ಸಿಕ್ಕವು. ಅವುಗಳಲ್ಲಿ ಇರಬೇಕಾದಷ್ಟು ಸೀಮೆಎಣ್ಣೆ ಇರಲಿಲ್ಲ.

ಅವರ ಹತ್ತಿರ ಇದ್ದದ್ದು ಪ್ರೈಮಸ್ ಸ್ಟವ್, ನಮ್ಮ ಅಜ್ಜಿಯಂದಿರು ಪಿನ್ನು ಹಾಕಿ ಚುಚ್ಚುತ್ತಿದ್ದ ಪಂಪ್ ಸ್ಟವ್ ಜಾತಿಯದೇ. ಎಣ್ಣೆಯನ್ನು ತಗಡಿನ ಡಬ್ಬಿಗಳಲ್ಲಿ ತುಂಬಿ ಬಿರಡೆ ತಿರುಪಿ, ಅದರ ಕೆಳಗೆ ಚರ್ಮದ ವಾಷರ್ ಕೂರಿಸಿದ್ದರು. ಆ ಚಳಿಗೆ ಚರ್ಮ ಒಣಗಿ, ಗಡುಸಾಗಿ, ಕುಗ್ಗುತ್ತದೆ. ಡಬ್ಬಿಗಳನ್ನು ಬೇಗ ಸಿಗಲೆಂದು ಗುಡ್ಡೆಯ ಮೇಲ್ಭಾಗದಲ್ಲೇ ಇಡುತ್ತಿದ್ದರು. ಬೇಸಿಗೆಯಿಡೀ ಬಿಸಿಲು ಬಿದ್ದು ಎಣ್ಣೆ ಸಂದಿಯಿಂದ ಆವಿಯಾಗಿ ಹೋಯಿತು. ಅಮುಂಡ್ಸನ್ ತನ್ನ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಫೆಬ್ರವರಿ 24ರಂದು ಒಂದು ಡಿಪೋದಲ್ಲಿ ಎಣ್ಣೆ ಕಡಿಮೆ, ಮಾರ್ಚ್ ಮೊದಲಲ್ಲಿ ಮುಂದಿನ ಡಿಪೋದಲ್ಲಿ ಇನ್ನೂ ಕಡಿಮೆ, ಅದರಾಚೆಯದರಲ್ಲೂ ಅದೇ ಕಥೆ.

ಎಣ್ಣೆ ಇಲ್ಲದಿದ್ದರೆ ಬರೀ ಬಿಸಿ ಊಟ ಇಲ್ಲ ಅಂದುಕೊಳ್ಳಬೇಡ. ಕುಡಿಯಲು ನೀರೇ ಇಲ್ಲ. ಅಲ್ಲಿ ನೀರೆಂದರೆ ಕರಗಿಸಿದ ಹಿಮ. ಮೈನಸ್ 40ರ ಹಿಮವನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಎಷ್ಟು ಶಾಖ ಬೇಕೋ, ಆ ನೀರನ್ನು ಕುದಿಬಿಂದುವಿಗೆ ತರಲು ಹೆಚ್ಚುಕಡಿಮೆ ಅಷ್ಟೇ ಬೇಕು. ಅಂದರೆ ಒಂದು ಲೋಟ ಚಹಾಕ್ಕೆ ಸುರಿದ ಎಣ್ಣೆಯಲ್ಲಿ ಅರ್ಧ, ಹಿಮ ನೀರಾಗುವುದಕ್ಕೇ ಖರ್ಚು. ಇದರ ಜೊತೆಗೆ ಐದನೆಯವನು. ಊಟ, ಎಣ್ಣೆ, ಟೆಂಟು ಎಲ್ಲ ನಾಲ್ವರ ಲೆಕ್ಕದಲ್ಲಿ ಕಟ್ಟಿದ್ದು. ಕೊನೆಯ ಘಳಿಗೆಯಲ್ಲಿ ಸ್ಕಾಟ್ ಐವರನ್ನು ಒಯ್ದ. ಐವರಿಗೆ ಬೇಯಿಸಲು ದಿನಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ ಅಂತ ಅವನೇ ದಿನಚರಿಯಲ್ಲಿ ಬರೆದಿದ್ದಾನೆ. ಆ ಅರ್ಧ ಗಂಟೆಯೂ ಸ್ಟವ್ ಉರಿಯುತ್ತಲೇ ಇರುತ್ತದಲ್ಲ.

ಊಟದ ಲೆಕ್ಕವನ್ನೂ ಕೇಳು. ಒಬ್ಬನಿಗೆ ದಿನಕ್ಕೆ 450 ಗ್ರಾಂ ಬಿಸ್ಕತ್ತು, 340 ಗ್ರಾಂ ಪೆಮಿಕನ್ (ಒಣಮಾಂಸದ ಪುಡಿಗೆ ಕೊಬ್ಬು ಬೆರೆಸಿದ್ದು), 85 ಗ್ರಾಂ ಸಕ್ಕರೆ, 57 ಗ್ರಾಂ ಬೆಣ್ಣೆ, ಒಂದಿಷ್ಟು ಚಹಾ, ಕೋಕೋ. ಒಟ್ಟು 4500 ಕ್ಯಾಲೊರಿಯ ಆಸುಪಾಸು. ಸ್ಲೆಜ್ (ಹಿಮದ ಮೇಲಿನ ಜಾರುಬಂಡಿ) ಎಳೆಯುವವನಿಗೆ 6000 ಕೂಡ ಸಾಲದು. ವಿಟಮಿನ್ ಸಿ ಹೆಸರಿಗೂ ಇಲ್ಲ. ಐವರಲ್ಲಿ ಎಲ್ಲರಿಗಿಂತ ದೊಡ್ಡ ಆಳು ಎಡ್ಗರ್ ಇವಾನ್ಸ್, ಪಾಲು ಮಾತ್ರ ಎಲ್ಲರಷ್ಟೇ. ಮೊದಲು ಬಿದ್ದವನೂ ಅವನೇ, ಫೆಬ್ರವರಿ 17ಕ್ಕೆ. ಇನ್ನು ಆ ಮಾರ್ಚಿನ ಚಳಿ. ಸ್ಲೆಜ್ ಜಾರಬೇಕಾದರೆ ಅದರ ಅಡಿಯ ಪಟ್ಟಿಯ ಉಜ್ಜಾಟಕ್ಕೆ ಹಿಮ ಒಂದು ಎಳೆಯಷ್ಟಾದರೂ ಕರಗಬೇಕು. ಅಷ್ಟು ಚಳಿಯಲ್ಲಿ ಅದು ಕರಗುವುದಿಲ್ಲ. ಮರಳಿನ ಮೇಲೆ ಎಳೆದಂತೆ.

ಹೀಗೆ ಲೆಕ್ಕ ಒಪ್ಪಿಸುವುದರಲ್ಲಿ ನನಗೊಂದು ಸುಖ ಇದೆ, ನಿನಗೆ ಗೊತ್ತು. ಆದರೆ ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವವನು ಸ್ಕಾಟ್ ಅಲ್ಲ, ಅವನ ತಂಡದವನೇ ಆದ ಆಪ್ಸ್ಲಿ ಚೆರಿ-ಗೆರಾರ್ಡ್.

ಅವನ ವಯಸ್ಸು 26. ದೂರದ್ದು ಸರಿಯಾಗಿ ಕಾಣದು, ಕನ್ನಡಕ ಮಂಜುಗಟ್ಟುತ್ತಿತ್ತು, ಸೂರ್ಯನನ್ನು ಅಳೆದು ದಾರಿ ಹಿಡಿಯುವ ವಿದ್ಯೆ ಬಾರದು. 1911ರ ಚಳಿಗಾಲದ ಕತ್ತಲಲ್ಲಿ ವಿಲ್ಸನ್ ಮತ್ತು ಬೋವರ್ಸ್ ಜೊತೆ ಎಂಪರರ್ ಪೆಂಗ್ವಿನ್ ಮೊಟ್ಟೆಗಾಗಿ ಕೇಪ್ ಕ್ರೋಜಿಯರ್‌ಗೆ ಹೋಗಿದ್ದ. ಐದು ವಾರ, ಒಮ್ಮೆ ಮೈನಸ್ 60. ಒಡೆಯದೆ ತಂದದ್ದು ಮೂರು ಮೊಟ್ಟೆ. ಆ ಇಬ್ಬರೂ ಆಮೇಲೆ ಸ್ಕಾಟ್ ಜೊತೆ ಧ್ರುವಕ್ಕೆ ಹೋದ ನಾಲ್ವರಲ್ಲಿದ್ದರು.

1912ರ ಫೆಬ್ರವರಿ ಕೊನೆಯಲ್ಲಿ ಅವನನ್ನು ನಾಯಿಗಳೊಂದಿಗೆ ಒನ್ ಟನ್ ಡಿಪೋಗೆ ಕಳಿಸಿದರು. ಜೊತೆಗೆ ಡಿಮಿಟ್ರಿ ಎಂಬ ರಷ್ಯನ್ ಹುಡುಗ. ಆ ಡಿಪೋ 80 ಡಿಗ್ರಿಯಲ್ಲಿ ಇರಬೇಕಿತ್ತು. ಹಿಂದಿನ ವರ್ಷ ಕುದುರೆಗಳು ಸೋತವೆಂದು ಸ್ಕಾಟ್ ಸುಮಾರು 55 ಕಿ.ಮೀ. ಮೊದಲೇ, 79 ಡಿಗ್ರಿ 29 ಮಿನಿಟಿನಲ್ಲಿ ಸಾಮಾನು ಇಳಿಸಿದ್ದ. ಕುದುರೆ ಕೊಂದಾದರೂ ಮುಂದೆ ಹೋಗೋಣ ಅಂದ, ಕುದುರೆಗಳನ್ನು ನೋಡಿಕೊಳ್ಳುತ್ತಿದ್ದ ಓಟ್ಸ್ ಮಾತನ್ನು ಕೇಳಲಿಲ್ಲ. ಚೆರಿಯ ಕೆಲಸ ರಕ್ಷಣೆಯಲ್ಲ. ಸ್ಕಾಟ್ ತಡವಾಗಿದ್ದಾನೆ ಅಂತ ಆಗಿನ್ನೂ ಯಾರಿಗೂ ಅನ್ನಿಸಿರಲಿಲ್ಲ. ಊಟ ಇಟ್ಟು, ಅವರು ಸಿಕ್ಕರೆ ಬೇಗ ಕರೆತರುವುದು, ಅಷ್ಟೇ. ನಾಯಿಗಳನ್ನು ಅಪಾಯಕ್ಕೆ ಒಡ್ಡಬಾರದು ಅನ್ನುವುದು ಸ್ಕಾಟನದೇ ಅಪ್ಪಣೆ. ಒನ್ ಟನ್‌ನಲ್ಲಿ ಇರಬೇಕಿದ್ದ ನಾಯಿ ಊಟವನ್ನು ಮೊದಲೇ ಯಾರೂ ತಂದಿಟ್ಟಿರಲಿಲ್ಲ.

ಮಾರ್ಚ್ 4ರಿಂದ 10ರವರೆಗೆ ಕಾದ. ಅದರಲ್ಲಿ ನಾಲ್ಕು ದಿನ ಹೊರಗೆ ಹೆಜ್ಜೆ ಇಡುವಂಥ ಹವೆಯೇ ಇರಲಿಲ್ಲ. ಹತ್ತನೇ ತಾರೀಕು ವಾಪಸು ಹೊರಟ. ಅದೇ ಹತ್ತನೇ ತಾರೀಕು, ಸುಮಾರು 120 ಕಿ.ಮೀ. ದಕ್ಷಿಣಕ್ಕೆ, ನಾಯಿಗಳು ಬಂದಿದ್ದರೆ ಬದುಕುತ್ತಿದ್ದೆವು ಎಂಬರ್ಥದ ಮಾತನ್ನು ಸ್ಕಾಟ್ ದಿನಚರಿಯಲ್ಲಿ ಬರೆದ. ಕೊನೆಯ ಟೆಂಟು ನಿಂತದ್ದು ಒನ್ ಟನ್‌ನಿಂದ ಬರೀ 20 ಕಿ.ಮೀ. ದೂರದಲ್ಲಿ. ನವೆಂಬರ್ 12ರಂದು ಆ ಟೆಂಟನ್ನು ಪತ್ತೆ ಹಚ್ಚಿದವರ ಗುಂಪಿನಲ್ಲಿ ಚೆರಿಯೂ ಇದ್ದ. ಒಳಗೆ ಸ್ಕಾಟ್, ಅವನ ಎರಡು ಪಕ್ಕಕ್ಕೆ ವಿಲ್ಸನ್, ಬೋವರ್ಸ್.

ಯಾರು ಎಷ್ಟು ಸಲ ವಿಚಾರಣೆ ಮಾಡಿದರೂ ಚೆರಿಯ ತಪ್ಪು ಸಿಗುವುದಿಲ್ಲ. ದಾರಿ ಹಿಡಿಯಲು ಬಾರದವನು ದಕ್ಷಿಣಕ್ಕೆ ಹೋಗಿದ್ದರೆ ಬಿರುಗಾಳಿಯಲ್ಲಿ ಸ್ಕಾಟನ ಪಕ್ಕದಿಂದಲೇ ಹಾದುಹೋಗಬಹುದಿತ್ತು. ಕೆಲವು ನಾಯಿಗಳನ್ನು ಕೊಂದು ಉಳಿದವಕ್ಕೆ ಹಾಕಿ ಮುಂದೆ ಹೋಗುವ ದಾರಿ ಒಂದಿತ್ತು, ಅದು ಅಪ್ಪಣೆಗೆ ವಿರುದ್ಧ. ಆದರೂ 1959ರಲ್ಲಿ ಸಾಯುವವರೆಗೂ ಆ ಆರು ದಿನ ಅವನನ್ನು ಬಿಡಲಿಲ್ಲ.

ಅವನ ಜಾಗದಲ್ಲಿ ನಾನು, ಟೆಂಟಿನಲ್ಲಿ ನೀನು ಇದ್ದಿದ್ದರೆ? ನಾನೂ ಕಾಯುತ್ತಿದ್ದೆ, ನಾನೂ ಹೊರಡುತ್ತಿದ್ದೆ. ಅವನಷ್ಟು ನರಳುತ್ತಿದ್ದೆನೋ ಇಲ್ಲವೋ, ಅದು ಗೊತ್ತಿಲ್ಲ. ವಾಪಸು ಹೊರಟ ಮೊದಲ ಗಂಟೆಯಲ್ಲಿ ನನಗೆ ಹಾಯೆನಿಸುತ್ತಿತ್ತು, ಕೈಯಲ್ಲಿ ಅಪ್ಪಣೆ ಇದೆಯಲ್ಲ. ನೀನು ಯಾರ ಫೋನೂ ಎತ್ತದ ದಿನಗಳಲ್ಲಿ "ಅವನಿಗೆ ತೊಂದರೆ ಕೊಡಬಾರದು" ಅಂತ ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ. ಯಾರೂ ತಪ್ಪು ಅನ್ನಲಾರದಂಥ ಅಪ್ಪಣೆ.

ಇದನ್ನು ಇಲ್ಲಿ ಬರೆಯಬೇಕು ಅಂತ ಇರಲಿಲ್ಲ. ಇರಲಿ ಬಿಡು. ಕೆಳಗೆ ಬಂದು ಅಳುವ ಮುಖದ ಚಿತ್ರ ಹಾಕಿದರೆ ನಿನ್ನ ಆ ಟ್ರೆಕಿಂಗ್ ಫೋಟೋ ಹೊರಗೆ ಬರುತ್ತದೆ, ಜೋಕೆ.

ಇನ್ನು ನಿನ್ನ ಕೊನೆಯ ತಕರಾರು, ಸಾಯುವ ಹೊತ್ತಿಗೂ 16 ಕೆ.ಜಿ. ಕಲ್ಲು ಯಾಕೆ ಎಳೆದರು ಅನ್ನುವುದು. ವಿಲ್ಸನ್ ಬಿಯರ್ಡ್‌ಮೋರ್ ಹಿಮನದಿಯ ಪಕ್ಕದಲ್ಲಿ ಆರಿಸಿದ್ದು ಅವು. ಅದರಲ್ಲಿ ಗ್ಲಾಸೊಪ್ಟೆರಿಸ್ ಎಂಬ ಗಿಡದ ಎಲೆಯ ಅಚ್ಚು ಇತ್ತು. ಅದೇ ಗಿಡದ ಎಲೆ ನಮ್ಮ ರಾಣಿಗಂಜ್ ಕಲ್ಲಿದ್ದಲಿನ ಪದರಗಳಲ್ಲೂ ಸಿಗುತ್ತದೆ. ಭಾರತವೂ ಅಂಟಾರ್ಕ್ಟಿಕವೂ ಒಂದು ಕಾಲಕ್ಕೆ ಅಂಟಿಕೊಂಡಿದ್ದವು ಅನ್ನುವುದಕ್ಕೆ ಇಂಥ ಕಲ್ಲುಗಳೇ ಸಾಕ್ಷಿ. ಎಸೆದಿದ್ದರೂ ಎಣ್ಣೆಯೇನೂ ಹೆಚ್ಚುತ್ತಿರಲಿಲ್ಲ. ಅಲ್ಲದೆ, ಮೂರು ಮನೆ ಬದಲಾಯಿಸಿದರೂ ಆ ಕಾಲು ಮುರಿದ ಕೇರಂ ಬೋರ್ಡ್ ಬಿಡದ ನೀನು ಈ ಪ್ರಶ್ನೆ ಕೇಳಬಾರದು ಕಣೋ.

ಫೋನ್ ಮಾಡುತ್ತೇನೆ. ಎತ್ತು.

ನಿನ್ನ,
ಲೆಕ್ಕದ ಮೇಷ್ಟ್ರು