ರ‍್ಯಾಂಪಿಗೆ ಐದೂವರೆ ಮೀಟರ್ ಜಾಗ ಬಿಡಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಪೇಟೆಗಳಲ್ಲಿ ಹಳೆಯ ಕಟ್ಟೆ, ಮೈದಾನಗಳಿಗೆ ಇಂಟರ್‌ಲಾಕ್ ಕಲ್ಲು ಹಾಸಿ, ನಾಲ್ಕು ಬೆಂಚು ಇಟ್ಟರೆ ಸಾರ್ವಜನಿಕ ಜಾಗ ಸಿದ್ಧವಾಯಿತೆಂದು ಲೆಕ್ಕ. ಅಲ್ಲಿಗೆ ಯಾರು ಬರಬಲ್ಲರು ಎಂಬುದು ತೀರ್ಮಾನವಾಗುವುದು ರಸ್ತೆ ಮುಗಿದು ಕಟ್ಟೆ ಶುರುವಾಗುವಲ್ಲಿ.

ಕಟ್ಟೆ 45 ಸೆಂ.ಮೀ. ಎತ್ತರವಿದೆ ಎಂದಿಟ್ಟುಕೊಳ್ಳಿ. ಗಾಲಿಕುರ್ಚಿಗೆ ಏರು 1:12 ಮೀರಬಾರದು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಈ ಲೆಕ್ಕದಲ್ಲಿ ರ‍್ಯಾಂಪ್ 5.4 ಮೀಟರ್ ಉದ್ದ, ಕನಿಷ್ಠ 1.2 ಮೀಟರ್ ಅಗಲ ಬೇಕು. ಮೇಲೂ ಕೆಳಗೂ ಒಂದೂವರೆ ಮೀಟರ್ ಸಮತಟ್ಟು ಇರಬೇಕು. ಜಾಗವಿಲ್ಲವೆಂದು ಒಂದೂವರೆ ಮೀಟರಿನಲ್ಲೇ ಮುಗಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅದು ಬೈಕ್ ಹತ್ತಿಸಲಿಕ್ಕಷ್ಟೇ ಆದೀತು. ಕಟ್ಟೆಯನ್ನೇ 15 ಸೆಂ.ಮೀ.ಗೆ ತಗ್ಗಿಸಿದರೆ 1.8 ಮೀಟರ್ ಸಾಕು.

ಇನ್ನು ನಮ್ಮ ಮಳೆ. ನುಣುಪು ಟೈಲ್ಸ್ ಮೇಲೆ ಜುಲೈ ಹೊತ್ತಿಗೆ ಪಾಚಿ ಕಟ್ಟುತ್ತದೆ, ಕೋಲೂರಿ ನಡೆಯುವವರು ಮೊದಲು ಜಾರುತ್ತಾರೆ. ಇಂಟರ್‌ಲಾಕ್ ಒಳ್ಳೆಯದೇ, ಆದರೆ ಕೆಳಗಿನ ಜಲ್ಲಿಯನ್ನು ಗಟ್ಟಿಯಾಗಿ ದಮ್ಮಸ್ ಮಾಡದೆ, ಅಂಚಿಗೆ ಕಾಂಕ್ರೀಟ್ ಪಟ್ಟಿ ಕೊಡದೆ ಹಾಸಿದರೆ ಮಳೆನೀರಿಗೆ ಮರಳು ಕೊಚ್ಚಿಹೋಗಿ ಕಲ್ಲುಗಳು ಹಲ್ಲು ಉದುರಿದಂತೆ ಏಳುತ್ತವೆ. ಚರಂಡಿಯ ಜಾಲರಿಯ ಸೀಳುಗಳು ನಡೆಯುವ ದಿಕ್ಕಿಗೆ ಅಡ್ಡ ಇರಲಿ. ಉದ್ದಕ್ಕಿದ್ದರೆ ಕುರ್ಚಿಯ ಮುಂಗಾಲಿ ಸಿಕ್ಕಿಕೊಳ್ಳುತ್ತದೆ.

ವಾಹನ ತಡೆಯುವ ಕಂಬಗಳ ನಡುವೆ 1.2 ಮೀಟರ್ ಇದ್ದರೆ ಕಾರು ನುಗ್ಗದು. ಸ್ಕೂಟರನ್ನೂ ತಡೆಯಲು ಹೊರಟರೆ ಗಾಲಿಕುರ್ಚಿಯೂ ಹೊರಗುಳಿಯುತ್ತದೆ. ಬೆಂಚಿಗೆ ಕೈಯಾಸರೆ ಬೇಕು, ಪಕ್ಕದಲ್ಲಿ ಒಂದು ಕುರ್ಚಿಯಷ್ಟು ಖಾಲಿ ಜಾಗವೂ ಬೇಕು. ಮನೆಯವರ ಜತೆ ಸಾಲಾಗಿ ಕೂರಲಿಕ್ಕೆ. ದೃಷ್ಟಿ ಇಲ್ಲದವರಿಗೆ ಹಾಸುವ ಗೀರಿನ ಟೈಲ್ಸ್ ಸೀದಾ ಕರೆಂಟ್ ಕಂಬಕ್ಕೆ ಹೋಗಿ ಮುಟ್ಟದಿದ್ದರೆ ಪುಣ್ಯ! ಫಲಕಗಳಲ್ಲಿ ಮಲಯಾಳದ ಜತೆ ಕನ್ನಡವೂ ಇರಲಿ.

ಬೇರೆ ಊರಿಗಿಂತ ಈ ಲೆಕ್ಕ ನಮ್ಮ ಜಿಲ್ಲೆಗೆ ಹೆಚ್ಚು ಅಗತ್ಯ. ಎಣ್ಮಕಜೆ, ಮುಳಿಯಾರು ಕಡೆ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದರು. ಆಗ ಅಂಗವೈಕಲ್ಯಕ್ಕೆ ತುತ್ತಾದ ಮಕ್ಕಳು ಈಗ ದೊಡ್ಡವರು. ಎತ್ತಿಕೊಂಡು ತಿರುಗುತ್ತಿದ್ದ ಅಮ್ಮಂದಿರ ಸೊಂಟದಲ್ಲಿ ಆ ಬಲವಿಲ್ಲ. ಸಾರ್ವಜನಿಕ ಜಾಗಗಳು ಇಂಥವರಿಗೂ ಬಳಸಲು ಬರಬೇಕೆನ್ನುವ ಅಂಗವಿಕಲರ ಹಕ್ಕುಗಳ ಕಾನೂನು ಬಂದದ್ದು 2016ರಲ್ಲಿ.

ಇಂಥ ಕಾಮಗಾರಿಯ ಎಸ್ಟಿಮೇಟನ್ನು ಪಂಚಾಯತಿನವರು ವಾರ್ಡಿನ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಕೊನೆಯ ಬಿಲ್ ಪಾಸಾಗುವ ಮೊದಲು ಗಾಲಿಕುರ್ಚಿಯವರೊಬ್ಬರನ್ನು ಕರೆಸಿ ರ‍್ಯಾಂಪ್ ಹತ್ತಿಸಿ ನೋಡಲಿ, ನೆಲಕ್ಕೆ ನಾಲ್ಕು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಎಂದೂ ನೋಡಲಿ.

– ಒಬ್ಬ ಸಿವಿಲ್ ಎಂಜಿನಿಯರ್, ಬದಿಯಡ್ಕ