ಪೇನ್‌ನ ಮೊದಲ ಸಾಲು ದಾಟಿ ಓದು

ಪ್ರಿಯ ಮಿತ್ರ,

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದ ಬರಹಗಾರ ಥಾಮಸ್ ಪೇನ್ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಅವನ ‘ದಿ ಅಮೆರಿಕನ್ ಕ್ರೈಸಿಸ್’ ಕರಪತ್ರದ ಮೊದಲ ಸಾಲನ್ನು ಹೊಗಳುವುದರಲ್ಲೇ ಅರ್ಧಕ್ಕಿಂತ ಜಾಸ್ತಿ ಜಾಗ ಹೋಗಿದೆ. ‘ಮನುಷ್ಯರ ಆತ್ಮವನ್ನು ಪರೀಕ್ಷಿಸುವ ಕಾಲವಿದು’ ಎನ್ನುವುದು ಎಲ್ಲರಿಗೂ ಗೊತ್ತಿರುವ ಸಾಲು, ಅಲ್ವಾ? ಅದನ್ನು ದಾಟಿ ಮುಂದಕ್ಕೆ ಓದು.

1776ರ ಡಿಸೆಂಬರ್ ಹೇಗಿತ್ತು ನೋಡು. ಅಮೆರಿಕನ್ನರು ಬ್ರಿಟನ್‌ನಿಂದ ಸ್ವಾತಂತ್ರ್ಯ ಘೋಷಿಸಿ ಆರು ತಿಂಗಳೂ ಆಗಿಲ್ಲ, ನ್ಯೂಯಾರ್ಕ್ ಬ್ರಿಟಿಷರ ಪಾಲಾಗಿದೆ. ನವೆಂಬರ್ 16ಕ್ಕೆ ಫೋರ್ಟ್ ವಾಷಿಂಗ್ಟನ್ ಕೋಟೆ ಬಿದ್ದು ಸುಮಾರು 2,800 ಅಮೆರಿಕನ್ ಸೈನಿಕರು ಸೆರೆಯಾದರು, ನಾಲ್ಕೇ ದಿನದಲ್ಲಿ ಫೋರ್ಟ್ ಲೀ ಕೋಟೆಯೂ ಹೋಯಿತು. ಉಳಿದವರಲ್ಲಿ ಬಹಳ ಜನರ ಕರಾರು ವರ್ಷದ ಕೊನೆಗೆ ಮುಗಿಯುತ್ತಿತ್ತು. ಪೇನ್ ಆಗ ಜನರಲ್ ಗ್ರೀನ್ ಅವರ ಸಹಾಯಕನಾಗಿ ಅದೇ ಸೈನ್ಯದ ಜೊತೆ ನ್ಯೂಜೆರ್ಸಿ ಉದ್ದಕ್ಕೂ ಹಿಮ್ಮೆಟ್ಟುತ್ತಿದ್ದ.

ಫಿಲಡೆಲ್ಫಿಯಾದಲ್ಲಿ ಡಿಸೆಂಬರ್ 19ಕ್ಕೆ ಅಚ್ಚಾದ ಆ ಬರಹದಲ್ಲಿ ಅವನು ಸೋಲನ್ನು ಮುಚ್ಚಿಡಲಿಲ್ಲ. ಶತ್ರು ಎಲ್ಲಿ ಇಳಿದ, ನಮ್ಮವರು ಎಷ್ಟು ಕಡಿಮೆ ಇದ್ದರು, ಗಾಡಿಯಲ್ಲಿ ಹಿಡಿಯದ ಸಾಮಾನು ಹೇಗೆ ಅಲ್ಲೇ ಉಳಿಯಿತು, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಹೇಳುತ್ತಾನೆ. ನಮ್ಮ ಸ್ಥಿತಿ ನನಗೆ ಗೊತ್ತು, ಹೊರಬರುವ ದಾರಿಯೂ ಕಾಣುತ್ತಿದೆ ಎನ್ನುವುದು ಅದಾದ ಮೇಲೆ. ಕೆಟ್ಟ ಸುದ್ದಿಯನ್ನು ತಾನೇ ಹೇಳಿದವನು ಧೈರ್ಯ ಹೇಳಿದಾಗ ಜನ ನಂಬುತ್ತಾರೆ. ಹುರಿದುಂಬಿಸುವ ಬರಹ ಬರೆಯಬೇಕೆಂದು ನೀನು ಯಾವತ್ತಾದರೂ ಕೂತರೆ ಇದನ್ನೇ ಮೊದಲು ಮಾಡು. ಸೋತು ಚಳಿಯಲ್ಲಿ ನಡೆಯುತ್ತಿರುವವನಿಗೆ ಸುಮ್ನೆ ಜಯಘೋಷ ಓದಿ ಹೇಳುವುದು ಅವನಿಗೆ ಮಾಡುವ ಅವಮಾನ.

ನ್ಯೂಜೆರ್ಸಿಯ ಆಂಬಾಯ್ ಊರಿನ ಹೆಂಡದಂಗಡಿಯವನ ಬಗ್ಗೆ ಪೇನ್ ಬರೆದ ಭಾಗ ನಿನ್ನ ಲೇಖನದಲ್ಲಿ ಇಲ್ಲವೇ ಇಲ್ಲ! ಸಣ್ಣ ಮಗುವಿನ ಕೈ ಹಿಡಿದು ಬಾಗಿಲಲ್ಲಿ ನಿಂತವನು ‘ನನ್ನ ಕಾಲಕ್ಕೆ ಶಾಂತಿ ಸಿಕ್ಕರೆ ಸಾಕು’ ಎನ್ನುತ್ತಾನೆ. ಕಷ್ಟ ಬರುವುದೇ ಆದರೆ ನನ್ನ ಕಾಲಕ್ಕೇ ಬರಲಿ, ನನ್ನ ಮಗು ನೆಮ್ಮದಿಯಾಗಿರಲಿ ಅಂತ ಅಪ್ಪನಾದವನು ಹೇಳಬೇಕಿತ್ತು ಎಂದು ಪೇನ್ ಸಿಟ್ಟಾಗುತ್ತಾನೆ. ಸ್ವಾತಂತ್ರ್ಯ, ತ್ಯಾಗ ಎಂಬ ದೊಡ್ಡ ಮಾತುಗಳು ಮಾಡದ ಕೆಲಸವನ್ನು ಬಾಗಿಲಲ್ಲಿ ನಿಂತ ಆ ಮಗು ಮಾಡಿಬಿಡುತ್ತದೆ. ಕೇಳುವ ಸೈನಿಕರಿಗೂ ಮನೆಯಲ್ಲಿ ಮಕ್ಕಳಿದ್ದರಲ್ಲ!

ಒಂದು ಎಚ್ಚರಿಕೆ. ಈ ಕರಪತ್ರವನ್ನು ಸೈನಿಕರಿಗೆ ಓದಿ ಹೇಳಿದರು, ಅದಕ್ಕೇ ನ್ಯೂಜೆರ್ಸಿಯ ಟ್ರೆಂಟನ್ ಪಟ್ಟಣದ ಕದನ ಗೆದ್ದರು ಅಂತ ಬರೆದಿದ್ದೀಯ. ಓದಿಸಿದರು ಎನ್ನುವುದು ತಲೆಮಾರುಗಳಿಂದ ಬಂದ ಮಾತು, ಅದನ್ನು ಹಾಗೆಂದೇ ಬರಿ. ಆದರೆ ಡಿಸೆಂಬರ್ 25ರ ರಾತ್ರಿ ಟ್ರೆಂಟನ್ ಮೇಲೆ ದಾಳಿಗೆ ಹೊರಟ ಸೈನ್ಯವನ್ನು ದಾಟಿಸಲು ಮಂಜುಗಡ್ಡೆ ತೇಲುವ ಡೆಲವೇರ್ ನದಿಯಲ್ಲಿ ದೋಣಿ ನಡೆಸಿದ್ದು ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಊರಿನ ಮೀನುಗಾರರು. ಮರುದಿನ ಬೆಳಿಗ್ಗೆ ಬ್ರಿಟಿಷರ ಪರ ಹೋರಾಡುತ್ತಿದ್ದ ಸುಮಾರು 900 ಹೆಸ್ಸಿಯನ್ (ಜರ್ಮನ್) ಸೈನಿಕರು ಸೆರೆ ಸಿಕ್ಕಿದ್ದರಲ್ಲಿ ಆ ತೋಳುಗಳ ಪಾಲೂ ಇದೆ. ಅವರಿಗೆ ನಿನ್ನ ಲೇಖನದಲ್ಲಿ ಒಂದು ಪ್ಯಾರಾ ಕೊಡು. ಫೋರ್ಟ್ ಲೀಯಿಂದ ಶುರು ಮಾಡಿ ಮತ್ತೆ ಬರೆದು ಕಳಿಸು, ಕಾಯುತ್ತಿರುತ್ತೇನೆ.