ಹಾಸನ ಡಯಾಲಿಸಿಸ್ ಗುಂಪಿಗೆ: ಫಾಸ್ಫರಸ್ ತಗ್ಗಿಸುವ ಮಾತ್ರೆ ಊಟದ ಜೊತೆಗೇ

ನಮಸ್ಕಾರ. ಸೆವೆಲಮರ್, ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆಗಳನ್ನು ಹಲವರು ಊಟವಾಗಿ ಗಂಟೆ ಕಳೆದ ಮೇಲೆ ನುಂಗುತ್ತಿದ್ದೀರಿ. ಅದರಿಂದ ಉಪಯೋಗ ಬಹಳ ಕಡಿಮೆ. ಹೊಟ್ಟೆಯಲ್ಲಿ ಅನ್ನದೊಂದಿಗೆ ಬೆರೆತಾಗಲೇ ಅವು ಫಾಸ್ಫರಸ್ ಹಿಡಿಯುವುದು. ತುತ್ತಿನ ನಡುವೆಯೇ ತೆಗೆದುಕೊಳ್ಳಿ. ಊಟ ಬಿಟ್ಟ ಹೊತ್ತು ಆ ಮಾತ್ರೆಯೂ ಬೇಡ.

ನಾಲ್ಕು ಗಂಟೆಯ ಡಯಾಲಿಸಿಸ್ ತೆಗೆಯುವುದು ಸುಮಾರು 800 ಮಿಲಿಗ್ರಾಂ ಫಾಸ್ಫರಸ್, ಹೆಚ್ಚುಕಡಿಮೆ ಒಂದು ದಿನದ ಊಟದಲ್ಲಿರುವಷ್ಟೇ. ಉಳಿದದ್ದು ರಕ್ತದಲ್ಲಿ ಏರಿದರೆ ಕುತ್ತಿಗೆಯ ಗ್ರಂಥಿಗಳಿಂದ ಬರುವ ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಹೆಚ್ಚಿ ಮೂಳೆಯ ಕ್ಯಾಲ್ಸಿಯಂ ಕರಗುತ್ತದೆ, ರಕ್ತನಾಳ ಗಡುಸಾಗುತ್ತದೆ. ಕೋಲಾ, ಪ್ಯಾಕೆಟ್ ತಿಂಡಿಗೆ ಬೆರೆಸಿದ ಫಾಸ್ಫೇಟ್ ಬಹುಪಾಲು ರಕ್ತಕ್ಕೇ ಸೇರುತ್ತದೆ. ಮೊದಲು ಅದನ್ನು ಬಿಡಿ. ಮುದ್ದೆ ಎಷ್ಟು ಎಂದು ಕೇಳುತ್ತಲೇ ಇರುತ್ತೀರಿ: ರಾಗಿಯಲ್ಲಿ ಪೊಟ್ಯಾಶಿಯಂ ಕೂಡ ಇದೆ, ರಿಪೋರ್ಟ್ ನೋಡಿ ಡಾಕ್ಟರೇ ಹೇಳಬೇಕು.

ಕ್ಯಾಲ್ಸಿಯಂ, ಫಾಸ್ಫರಸ್ 1–3 ತಿಂಗಳಿಗೊಮ್ಮೆ, ಪಿಟಿಎಚ್ 3–6 ತಿಂಗಳಿಗೊಮ್ಮೆ ಪರೀಕ್ಷಿಸಿ. ಮೂಳೆ ನೋವೆಂದು ಮೆಡಿಕಲ್‌ನಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ನೀವೇ ತರಬೇಡಿ.